ದಾವಣಗೆರೆ: ಮಕ್ಕಳು ಪೊಲೀಸ್ ಠಾಣೆ ನೋಡಿ ಬಂದರು, ದೊಡ್ಡವರು ಯಾವಾಗ?

ಬಿ ಬ್ಲಾಕ್ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಹೋದ ಗುರುವಾರ ಎಂಟನೇ ಕ್ಲಾಸಿನ ಮಕ್ಕಳನ್ನು ಹತ್ತಿರದ ಪೊಲೀಸ್ ಠಾಣೆಗೆ ಕರೆದುಕೊಂಡು ಹೋಗಿದ್ದೆವು. ಪೊಲೀಸ್ ಇಲಾಖೆಯವರು ಶಾಲಾ ಮಕ್ಕಳಿಗೆ ‘ತೆರೆದ ಮನೆ’ ಅಂತ ಮಾಡುತ್ತಾರಲ್ಲ, ಆ ಕಾರ್ಯಕ್ರಮ. ಅಲ್ಲಿ ಕಂಡದ್ದನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು ಅನ್ನಿಸಿತು. ಒಂದು ವಿಷಯದಲ್ಲಿ ನಿಮ್ಮ ಸಲಹೆಯೂ ಬೇಕು.

ಗೇಟಿನ ಹತ್ತಿರ ಹೋಗುತ್ತಿದ್ದ ಹಾಗೆ ಮುಂದಿನ ಸಾಲಿನ ನಾಲ್ಕೈದು ಮಕ್ಕಳು ಚಪ್ಪಲಿ ಬಿಟ್ಟರು. ಯಾರೂ ಹೇಳಿರಲಿಲ್ಲ. ಅವರನ್ನು ನೋಡಿ ಹಿಂದಿದ್ದವರೂ ಬಿಟ್ಟರು. ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದ ಸೆಂಟ್ರಿ, ‘ಇದೇನು ಗುಡಿ ಏನ್ರೋ, ಹಾಕ್ಕೊಂಡೇ ಬರ್ರಿ’ ಅಂದರು. ಆದರೂ ಇಬ್ಬರು ಹುಡುಗಿಯರು ಬರಿಗಾಲಲ್ಲೇ ಒಳಗೆ ಬಂದರು. ಅದು ಹೆದರಿಕೆ ಅಂತ ನನಗೆ ಗೊತ್ತು. ಊಟ ಮಾಡದಿದ್ದರೆ ‘ಪೊಲೀಸ್ ಕರೀತೀನಿ ನೋಡು’ ಅಂತ ಹೇಳಿ ಬೆಳೆಸಿದವರು ನಾವೇ ಅಲ್ವಾ?

ಒಳಗೆ ಪಿಎಸ್‌ಐ ಮೇಡಂ ಒಂದೊಂದೇ ಕೋಣೆ ತೋರಿಸಿದರು. ವೈರ್‌ಲೆಸ್ ಸೆಟ್ಟು, ಠಾಣಾ ಬರಹಗಾರರ ಮೇಜು, ದೂರನ್ನು ಟೈಪ್ ಮಾಡುವ ಕಂಪ್ಯೂಟರ್, ದಿನದಲ್ಲಿ ಏನೇನು ನಡೆಯಿತು ಅಂತ ಬರೆದಿಡುವ ಠಾಣಾ ದಿನಚರಿ. ಲಾಕಪ್ ಖಾಲಿ ಇತ್ತು. ನಮ್ಮ ಹುಡುಗರು ಒಳಗೆ ನಿಂತು ಫೋಟೋ ತೆಗೆಸಿಕೊಳ್ಳಬೇಕು ಅಂದರು. ಮೇಡಂ ಒಪ್ಪಲಿಲ್ಲ. ‘ಇಲ್ಲಿ ಒಂದು ರಾತ್ರಿ ಕೂತವರು ಜನ್ಮದಲ್ಲಿ ಮರೆಯಲ್ಲ. ಇದು ಆಟದ ಜಾಗ ಅಲ್ಲ’ ಅಂದರು. ನನಗೆ ಆ ಮಾತು ತುಂಬಾ ಹಿಡಿಸಿತು. ಒಬ್ಬ ಹುಡುಗ, ‘ಸರ್, ಆ ಅಂಚು ಮಡಿಚಿದ ದೊಡ್ಡ ಟೋಪಿ ಎಲ್ಲಿ ಹೋಯ್ತು?’ ಅಂತ ಕೇಳಿದ. 2025ರ ಅಕ್ಟೋಬರ್‌ನಲ್ಲಿ ಕಾನ್‌ಸ್ಟೆಬಲ್‌ಗಳಿಗೂ ಪೀಕ್ ಕ್ಯಾಪ್ ಬಂತಲ್ಲ, ಅದನ್ನು ಹೇಳಿ ಒಬ್ಬರು ತಮ್ಮ ಕ್ಯಾಪನ್ನು ಆ ಹುಡುಗನ ತಲೆಗೇ ಇಟ್ಟರು. ಅಲ್ಲಿಂದ ಮಕ್ಕಳ ಬಾಯಿ ಬಿಚ್ಚಿತು.

ಕೊನೆಗೆ ಒಂದು ಹುಡುಗಿ ಎದ್ದು ನಿಂತಳು. ‘ಮೇಡಂ, ಮನೆಯವರೇ ಹೊಡೆದರೆ ಫೋನ್ ಮಾಡಬಹುದಾ? ಯಾರು ಫೋನ್ ಮಾಡಿದ್ದು ಅಂತ ಮನೇಲಿ ಹೇಳ್ತೀರಾ?’ ಅಂತ ಕೇಳಿದಳು. ಇಡೀ ಕೋಣೆ ಸುಮ್ಮನಾಯಿತು. ಮೇಡಂ ಬಂದು ಅವಳ ಪಕ್ಕದ ಬೆಂಚಿನಲ್ಲಿ ಕೂತರು. ‘ಹೇಳಲ್ಲ ಪುಟ್ಟಿ’ ಅಂದರು. ಮಕ್ಕಳ ಸಹಾಯವಾಣಿ 1098, ತುರ್ತು ಕರೆಯ 112 ಎರಡನ್ನೂ ಬೋರ್ಡಿನಲ್ಲಿ ಬರೆಸಿದರು. ಎಲ್ಲರೂ ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಆ ಮಗುವಿನ ವಿಷಯ ನಾವು ನೋಡಿಕೊಳ್ಳುತ್ತಿದ್ದೇವೆ, ಇಲ್ಲಿ ಇನ್ನೇನೂ ಬರೆಯುವುದಿಲ್ಲ.

ನನ್ನ ವಿಚಾರ ಇಷ್ಟು. ನನಗೆ 44 ವರ್ಷ. ಠಾಣೆಯ ಒಳಗೆ ಕಾಲಿಟ್ಟದ್ದು ಇದೇ ಮೊದಲು. ದೂರು ಕೊಡಬೇಕು ಅಂದರೆ ಯಾವ ಮೇಜಿಗೆ ಹೋಗಬೇಕು ಅನ್ನುವುದೂ ಗೊತ್ತಿರಲಿಲ್ಲ. ಕಷ್ಟ ಬಂದ ದಿನ, ಅಳುತ್ತಾ ಹೋದಾಗ ಇದನ್ನೆಲ್ಲ ಕಲಿಯಲು ಆಗುತ್ತಾ? ಏನೂ ಆಗದ ದಿನವೇ ಹೋಗಿ ನೋಡಿ ಬರಬೇಕು. ಮಕ್ಕಳಿಗೆ ಇರುವ ಈ ಅವಕಾಶ ದೊಡ್ಡವರಿಗೂ ಬೇಕು, ಅದರಲ್ಲೂ ಹೆಂಗಸರಿಗೆ. ನಮ್ಮ ಬಡಾವಣೆಯಿಂದ ಕೇಳೋಣ ಅಂತಿದ್ದೇವೆ. ನಿಮಗೇನು ಅನ್ನಿಸುತ್ತದೆ?

ಜಯದೇವ ಸರ್ಕಲ್ ಆಟೋ

ಒಳ್ಳೆ ವಿಚಾರ ಮೇಡಂ. ನಾನು 19 ವರ್ಷದಿಂದ ಆಟೋ ಓಡಿಸುತ್ತಿದ್ದೇನೆ. ನಮಗೆ ಪೊಲೀಸ್ ಅಂದರೆ ದಂಡ, ಪರ್ಮಿಟ್, ‘ಸೈಡಿಗೆ ಹಾಕು’ ಅಷ್ಟೇ. ಒಂದು ಸಲ ಹೈವೇ ಬೈಪಾಸ್‌ನಲ್ಲಿ ಬೈಕಿನವರು ಬಿದ್ದಿದ್ದರು. ನಾನು ನಿಲ್ಲಿಸಲಿಲ್ಲ. ಕೋರ್ಟಿಗೆ ಅಲೆಸುತ್ತಾರೆ ಅಂತ ಎಲ್ಲರೂ ಹೇಳುತ್ತಿದ್ದರು, ಆ ಭಯಕ್ಕೆ ಮುಂದೆ ಹೋದೆ. ಹಿಂದಿನಿಂದ ಬಂದ ಹಾಲಿನ ವ್ಯಾನಿನವನು ಎತ್ತಿಕೊಂಡು ಹೋದ, ಆ ಮನುಷ್ಯ ಬದುಕಿಕೊಂಡ ಅಂತ ಆಮೇಲೆ ಗೊತ್ತಾಯಿತು. ಇವತ್ತಿಗೂ ಆ ಜಾಗದಲ್ಲಿ ಹೋಗುವಾಗ ಮನಸ್ಸು ಚುರ್ ಅನ್ನುತ್ತದೆ. ಸಹಾಯ ಮಾಡಿದವರಿಗೆ ತೊಂದರೆ ಇಲ್ಲ ಅಂತ ಈಗ ಹೇಳುತ್ತಾರೆ. ನಿಜವಾ? ಯಾರಾದರೂ ಗೊತ್ತಿದ್ದವರು ಹೇಳಿ.

ಕೋರ್ಟ್ ರಸ್ತೆ ವಕೀಲ

ನಿಜ ಅಣ್ಣ. ಈ ವಿಷಯದಲ್ಲಿ ಕಾನೂನು ಮಾಡಿದ ಮೊದಲ ರಾಜ್ಯವೇ ನಮ್ಮ ಕರ್ನಾಟಕ. 2016ರ ಕಾಯ್ದೆ, ರಾಷ್ಟ್ರಪತಿಗಳ ಒಪ್ಪಿಗೆ ಬಂದದ್ದು 2018ರಲ್ಲಿ. ಆಮೇಲೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಅಂತ ಕಲಂ ಸೇರಿತು. ಗಾಯಾಳುವನ್ನು ಒಳ್ಳೆ ಮನಸ್ಸಿನಿಂದ ಆಸ್ಪತ್ರೆಗೆ ಸೇರಿಸಿದವರ ಮೇಲೆ ಕೇಸ್ ಹಾಕುವ ಹಾಗಿಲ್ಲ. ಹೆಸರು, ವಿಳಾಸ ಕೊಡಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. ಸಾಕ್ಷಿ ಹೇಳುವುದು ಬಿಡುವುದು ನಿಮ್ಮ ಇಷ್ಟ. ನಿಮ್ಮ ಸ್ಟ್ಯಾಂಡಿನಲ್ಲಿ ಇದನ್ನು ಒಂದು ಬೋರ್ಡ್ ಮಾಡಿ ಹಾಕಿ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಉದ್ದಕ್ಕೂ ಹೈವೇ ಹಾದು ಹೋಗಿದೆ, ಮೊದಲು ಸ್ಥಳಕ್ಕೆ ಬರುವವರು ನಿಮ್ಮಂಥವರೇ.

ದುರ್ಗದ ಓದುಗಿ

ನಾನು ಚಿತ್ರದುರ್ಗದವಳು. ಟೀಚರ್ ಬರೆದದ್ದು ಓದಿ ಖುಷಿ ಆಯಿತು, ಹಾಗೇ ಹೊಟ್ಟೆ ಉರಿಯಿತು. ಕಾರಣ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಸಂಜೆ ನಮ್ಮ ಅಮ್ಮ ದೇವಸ್ಥಾನದಿಂದ ಬರುವಾಗ ಬೈಕಿನಲ್ಲಿ ಬಂದ ಇಬ್ಬರು ಸರ ಕಿತ್ತುಕೊಂಡು ಹೋದರು. ಕುತ್ತಿಗೆಯಲ್ಲಿ ರಕ್ತ ಬರುತ್ತಿತ್ತು. ಒಂದು ಠಾಣೆಗೆ ಹೋದೆವು, ಯಾವುದು ಅಂತ ಬೇಡ. ‘ಆ ರಸ್ತೆಯ ಈ ಕಡೆ ನಮ್ಮದು, ಆ ಕಡೆ ನಮ್ಮ ಲಿಮಿಟ್ ಅಲ್ಲ’ ಅಂದರು. ಇನ್ನೊಂದು ಕಡೆ ಹೋದರೆ ‘ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ಕೂತಿರಿ’ ಅಂದರು. ರಾತ್ರಿ ಹತ್ತೂವರೆ ತನಕ ಬೆಂಚಿನ ಮೇಲೆ ಕೂತಿದ್ದೆವು. ಅಮ್ಮ ಸೆರಗಿನಿಂದ ಕುತ್ತಿಗೆ ಒತ್ತಿ ಹಿಡಿದುಕೊಂಡೇ ಇದ್ದಳು. ಒಬ್ಬರೂ ನೀರು ಬೇಕಾ ಅಂತ ಕೇಳಲಿಲ್ಲ. ಕೊನೆಗೆ ಒಂದು ಬಿಳಿ ಹಾಳೆಯಲ್ಲಿ ಬರೆಸಿಕೊಂಡು ಕಳಿಸಿದರು. ಅದು ಎಫ್‌ಐಆರ್ ಅಲ್ಲ ಅಂತ ನಮಗೆ ಗೊತ್ತಾಗಿದ್ದು ಹದಿನೈದು ದಿನ ಆದ ಮೇಲೆ.

ನಮ್ಮೂರಿನಲ್ಲಿ ಹೆಣ್ಣುಮಕ್ಕಳ ರಕ್ಷಣೆಗೆ ಓಬವ್ವ ಪಡೆ ಅಂತ ಮಾಡಿದರು. ಕಾಲೇಜಿಗೆ ಬಂದು ಚೆನ್ನಾಗಿ ಮಾತಾಡಿದ್ದರು, ನಾನೂ ಕೇಳಿದ್ದೇನೆ. ಆದರೆ ಆ ರಾತ್ರಿ ಆ ಬೆಂಚಿನ ಮೇಲೆ ಆ ಮಾತು ಯಾವುದೂ ನನ್ನ ನೆರವಿಗೆ ಬರಲಿಲ್ಲ. ಕಾರ್ಯಕ್ರಮ ಮಾಡಿ, ಬೇಡ ಅನ್ನಲ್ಲ. ಆದರೆ ಹೂವಿನ ಹಾರ, ಫೋಟೋ, ಬಿಸ್ಕತ್ತು ಮುಗಿದ ಮೇಲೆ ಆ ಬೆಂಚು ಬದಲಾಗುತ್ತದಾ ಅಂತ ಕೇಳಿ.

ನಿವೃತ್ತ ಎಎಸ್‌ಐ, ಹೊಳಲ್ಕೆರೆ

ತಂಗಿ, ನಿಮ್ಮ ಬರಹ ಎರಡು ಸಲ ಓದಿದೆ. ಮೊದಲು ನಿಮ್ಮ ಅಮ್ಮನ ಹತ್ತಿರ ನಾನು ಕ್ಷಮೆ ಕೇಳುತ್ತೇನೆ. ಆ ಠಾಣೆಯಲ್ಲಿ ನಾನು ಇರಲಿಲ್ಲ. ಆದರೆ ಅಂಥ ಬೆಂಚುಗಳಲ್ಲಿ ಜನ ಕೂತಿದ್ದಾಗ ತಲೆ ಎತ್ತದೆ ಬರೆಯುತ್ತಾ ಕೂತವನು ನಾನೂ ಹೌದು.

‘ನಮ್ಮ ಲಿಮಿಟ್ ಅಲ್ಲ’ ಅನ್ನುವುದು ಮೊದಲೂ ತಪ್ಪೇ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲಿ, ಇದನ್ನು ನೇರವಾಗಿ ಬರೆದಿದ್ದಾರೆ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು. ಅದಕ್ಕೇ ಜೀರೋ ಎಫ್‌ಐಆರ್ ಅನ್ನುವುದು. ಬರೆದುಕೊಂಡು ಆ ಲಿಮಿಟ್‌ನ ಠಾಣೆಗೆ ಕಳಿಸುವುದು ನಮ್ಮ ಕೆಲಸ, ಜನರನ್ನು ಕಳಿಸುವುದಲ್ಲ. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು. ಅದರಲ್ಲಿ ಅಪರಾಧ ಸಂಖ್ಯೆ ಇರುತ್ತದೆ. ಸಂಖ್ಯೆ ಇಲ್ಲದ ಹಾಳೆ ಕೊಟ್ಟರೆ ‘ಇದು ಎಫ್‌ಐಆರಾ?’ ಅಂತ ಕೇಳಿ. ಈ ಒಂದು ಪ್ರಶ್ನೆ ಗೊತ್ತಿದ್ದರೆ ಸಾಕು, ಮೇಜಿನ ಆ ಕಡೆ ಕೂತವನು ನೆಟ್ಟಗೆ ಕೂರುತ್ತಾನೆ. 34 ವರ್ಷದ ಅನುಭವದಿಂದ ಹೇಳುತ್ತಿದ್ದೇನೆ.

ಈಗ ಟೀಚರಮ್ಮನ ಮಾತಿಗೆ ಬರುತ್ತೇನೆ. ಬರೀ ಕೋಣೆ ತೋರಿಸಿದರೆ ಸಾಲದು, ಕೆಲಸ ತೋರಿಸಬೇಕು. ಒಬ್ಬ ಪಿಸಿಯ, ಅಂದರೆ ಕಾನ್‌ಸ್ಟೆಬಲ್‌ನ, ದಿನ ಹೇಗಿರುತ್ತದೆ ಅಂತ ಜನಕ್ಕೆ ಗೊತ್ತಿಲ್ಲ. ಬೆಳಿಗ್ಗೆ ಹಾಜರಿ. ಆಮೇಲೆ ಸಮನ್ಸ್, ವಾರಂಟ್ ಹಿಡಿದು ಊರೂರು ತಿರುಗಬೇಕು. ಒಬ್ಬ ಕೋರ್ಟಿಗೆ, ಒಬ್ಬ ಪಾಸ್‌ಪೋರ್ಟ್ ವಿಚಾರಣೆಗೆ. ಯಾರೋ ವಿಷ ಕುಡಿದರು ಅಂತ ಆಸ್ಪತ್ರೆಯಿಂದ ಮೆಮೊ ಬರುತ್ತದೆ. ಅವರು ತೀರಿಕೊಂಡರೆ ಶವಾಗಾರದ ಮುಂದೆ ರಾತ್ರಿಯೆಲ್ಲ ಕಾಯಬೇಕು. ಬೆಳಿಗ್ಗೆ ಪೋಸ್ಟ್‌ಮಾರ್ಟಂ ಮುಗಿಸಿ ಮನೆಯವರಿಗೆ ಒಪ್ಪಿಸುವ ತನಕ ಅಲ್ಲಾಡುವ ಹಾಗಿಲ್ಲ. ನಾನು ಹಾಗೆ ಕೂತ ಒಂದು ರಾತ್ರಿ, ತೀರಿಕೊಂಡ ಹುಡುಗನ ತಂದೆ ನನ್ನ ಪಕ್ಕದಲ್ಲೇ ಕೂತಿದ್ದರು. ಒಂದೂ ಮಾತಾಡಲಿಲ್ಲ. ಬೆಳಗಿನ ಜಾವ ತಮ್ಮ ಟವೆಲ್ ನನ್ನ ಹೆಗಲ ಮೇಲೆ ಹಾಕಿದರು, ಚಳಿ ಇತ್ತು.

ಇದರ ಮೇಲೆ ಬಂದೋಬಸ್ತ್. ಗಣಪತಿ ಮೆರವಣಿಗೆ, ನಾಯಕನಹಟ್ಟಿ ತೇರು, ದುರ್ಗಮ್ಮನ ಜಾತ್ರೆ, ಚುನಾವಣೆ. ಇದು ನಿಮ್ಮ ಅಮ್ಮನನ್ನು ಕಾಯಿಸಿದ್ದಕ್ಕೆ ಸಮಜಾಯಿಷಿ ಅಲ್ಲ. ‘ಸಾಹೇಬರು ಬರಲಿ’ ಅಂತ ಕೂರಿಸುವ ಅಗತ್ಯವೇ ಇಲ್ಲ. ಸಾಹೇಬರು ಇಲ್ಲದಿದ್ದರೂ ಠಾಣೆಯಲ್ಲಿ ಒಬ್ಬರು ಠಾಣಾಧಿಕಾರಿ ಜಾಗದಲ್ಲಿ ಇದ್ದೇ ಇರುತ್ತಾರೆ. ಅವರು ದೂರು ತೆಗೆದುಕೊಳ್ಳಬೇಕು. ಇದನ್ನು ನಮ್ಮವರೇ ಜನರಿಗೆ ಹೇಳಿಕೊಡುವ ಕಾರ್ಯಕ್ರಮ ಆಗಲಿ ಅಂತ ನನ್ನ ಆಸೆ.

ಡಿಎಆರ್ ಮೈದಾನದ ಹತ್ತಿರದವರು

ಮಕ್ಕಳಿಗೆ ಪೊಲೀಸ್ ನಾಯಿಗಳನ್ನು ತೋರಿಸಿದರಾ? ನಮ್ಮ ತುಂಗಾ-2 ನೋಡಲೇಬೇಕು. 2024ರ ಜುಲೈನಲ್ಲಿ ಸಂತೇಬೆನ್ನೂರು ಕಡೆ ಕೊಲೆ ಆಗಿತ್ತಲ್ಲ, ಆ ವಾಸನೆ ಹಿಡಿದು ಮಳೆಯಲ್ಲಿ 8 ಕಿಲೋಮೀಟರ್ ಓಡಿತು. ಹೋಗಿ ನಿಂತ ಮನೆಯಲ್ಲಿ ಆ ಹೊತ್ತಿಗೆ ಅದೇ ಆರೋಪಿ ಒಬ್ಬ ಹೆಂಗಸನ್ನು ಹೊಡೆಯುತ್ತಿದ್ದ. ಆಕೆಯ ಜೀವ ಉಳಿಯಿತು. ನನ್ನ ಮಗ ಆವತ್ತಿನಿಂದ ಡಾಗ್ ಹ್ಯಾಂಡ್ಲರ್ ಆಗ್ತೀನಿ ಅಂತಿದ್ದಾನೆ.

ನಿವೃತ್ತ ಎಎಸ್‌ಐ, ಹೊಳಲ್ಕೆರೆ

ಆಗಲಿ, ಒಳ್ಳೆ ಕೆಲಸ. ನಾಯಿ ಜೊತೆ ಅಷ್ಟೂ ದೂರ ಓಡಿದ ಹ್ಯಾಂಡ್ಲರನ್ನೂ ಮಗನಿಗೆ ತೋರಿಸಿ.

ನ್ಯಾಮತಿ ಬ್ಯಾಂಕಿನ ಕೇಸೂ ಹಾಗೇ. 2024ರ ಅಕ್ಟೋಬರ್‌ನಲ್ಲಿ 17.7 ಕೆಜಿ ಚಿನ್ನ ಹೋಯಿತು. ಖಾರದ ಪುಡಿ ಚೆಲ್ಲಿ, ಕ್ಯಾಮೆರಾದ ರೆಕಾರ್ಡಿಂಗ್ ಇರುವ ಡಿವಿಆರ್ ಪೆಟ್ಟಿಗೆ ಕೂಡ ಹೊತ್ತುಕೊಂಡು ಹೋಗಿದ್ದರು. ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯಲ್ಲಿ ಚಿನ್ನ ಸಿಕ್ಕಿದ ಸುದ್ದಿ 2025ರ ಮಾರ್ಚ್ ಕೊನೆಗೆ ಎಲ್ಲರೂ ನೋಡಿದರು. ನಡುವಿನ ಐದು ತಿಂಗಳು ಯಾರೂ ನೋಡಲಿಲ್ಲ. ಆ ಐದು ತಿಂಗಳೇ ಪೊಲೀಸ್ ಕೆಲಸ.

ಜಗಳೂರು ರೈತ

ನಮ್ಮ ಕಡೆ ಬೀಟ್ ಪೊಲೀಸರು, ಅಂದರೆ ನಮ್ಮ ಪ್ರದೇಶ ನೋಡಿಕೊಳ್ಳುವವರು, ಬರುತ್ತಾರೆ. ಆದರೆ ಎಲ್ಲಿಗೆ? ಬಸ್ ಸ್ಟಾಪಿನ ಹತ್ತಿರದ ಕಟ್ಟೆಗೆ. ಅಲ್ಲಿ ಯಾವಾಗಲೂ ಕೂತಿರುವ ಅದೇ ಐದು ಜನ ಮಾತಾಡುತ್ತಾರೆ. ‘ಊರಲ್ಲಿ ಏನೂ ಸಮಸ್ಯೆ ಇಲ್ಲ ಸಾರ್’ ಅಂತ ಸಹಿ ಹಾಕಿ ಕಳಿಸುತ್ತಾರೆ. ಮೋಟಾರಿನ ಕೇಬಲ್ ಕಳೆದುಕೊಂಡವನು ಹೊಲದಲ್ಲಿ ಇರುತ್ತಾನೆ. ಕೇಬಲ್ ಕತ್ತರಿಸಿ ಒಳಗಿನ ತಾಮ್ರ ಮಾರಿಕೊಳ್ಳುತ್ತಾರೆ, ಹೋದದ್ದು ಎರಡು ಮೂರು ಸಾವಿರದ್ದು ಅಂತ ಯಾರೂ ದೂರು ಕೊಡಲ್ಲ. ಆದರೆ ಮೆಕ್ಕೆಜೋಳಕ್ಕೆ ನೀರು ಹಾಯಿಸುವ ವಾರ ಕೇಬಲ್ ಹೋದರೆ ಹೋಗುವುದು ಬೆಳೆ.

ನನ್ನ ಸಲಹೆ ಒಂದೇ. ಹಳ್ಳಿಗೆ ಬರುವುದಾದರೆ ಬೆಳಿಗ್ಗೆ ಆರೂವರೆಗೆ ಹಾಲಿನ ಡೈರಿ ಹತ್ತಿರ ಬನ್ನಿ. ಹಾಲು ಹಾಕಲು ಹೆಂಗಸರೇ ಜಾಸ್ತಿ ಬರುತ್ತಾರೆ. ಸಾಲಿನಲ್ಲಿ ನಿಂತಿರುತ್ತಾರೆ, ಹತ್ತು ನಿಮಿಷ ಸಮಯ ಇರುತ್ತದೆ. ಮೈಕು, ಶಾಮಿಯಾನ ಏನೂ ಬೇಡ. ಊರಲ್ಲಿ ಎಲ್ಲಿ ಕಳ್ಳಬಟ್ಟಿ ಮಾರುತ್ತಾರೆ, ಯಾವ ಮನೆಯಲ್ಲಿ ಹದಿನಾರು ತುಂಬದ ಹುಡುಗಿಗೆ ಮದುವೆ ಮಾತು ನಡೆಯುತ್ತಿದೆ ಅಂತ ಅವರಿಗೇ ಮೊದಲು ಗೊತ್ತಾಗುವುದು.

ಬಿ ಬ್ಲಾಕ್ ಟೀಚರ್

ಡೈರಿ ಮಾತು ನನಗೆ ಹೊಳೆದೇ ಇರಲಿಲ್ಲ. ಬಹಳ ಒಳ್ಳೆ ಮಾತು. ಊರಿನಲ್ಲಿ ಅದೇ ಥರದ ಜಾಗ ಯಾವುದು ಅಂತ ಯೋಚಿಸುತ್ತಿದ್ದೇನೆ. ರೇಷನ್ ಅಂಗಡಿ? ಮಂಡಕ್ಕಿ ಭಟ್ಟಿ?

ಹಾಸ್ಟೆಲ್ ಹುಡುಗ, ಎಂಜಿನಿಯರಿಂಗ್

ನಮ್ಮ ಕಾಲೇಜಿಗೆ ಸೈಬರ್ ಠಾಣೆಯವರು ಬಂದಿದ್ದರು. ಒಂದು ಗಂಟೆ ಕ್ಲಾಸು. ಅರ್ಧ ಜನ ಮೊಬೈಲ್ ನೋಡುತ್ತಿದ್ದರು, ನಾನೂ ಅವರಲ್ಲೊಬ್ಬ. ತಲೆಯಲ್ಲಿ ಉಳಿದದ್ದು ಒಂದೇ ನಂಬರ್, ಆನ್‌ಲೈನ್ ಮೋಸದ ದೂರಿಗೆ ಇರುವ 1930. ಮೂರು ತಿಂಗಳಾದ ಮೇಲೆ ನನ್ನ ರೂಮ್‌ಮೇಟ್ ಪಾರ್ಟ್ ಟೈಮ್ ಕೆಲಸ ಅಂತ ಟೆಲಿಗ್ರಾಂನಲ್ಲಿ 18 ಸಾವಿರ ಕಳೆದುಕೊಂಡ. ಅದು ಅವನ ಅಪ್ಪ ಅಡಿಕೆ ಕೊಯ್ಲಿಗೆ ಹೋಗಿ ಕಳಿಸಿದ ದುಡ್ಡು. ಅವನು ಹಾಸಿಗೆ ಮೇಲೆ ಕೂತು ಅಳುತ್ತಿದ್ದ, ಯಾರಿಗೂ ಹೇಳಬೇಡ ಅಂದ. ನಾನೇ 1930ಕ್ಕೆ ಫೋನ್ ಹಚ್ಚಿ ಅವನ ಕೈಗೆ ಕೊಟ್ಟೆ. ದುಡ್ಡು ಹೋಗಿ ನಲವತ್ತು ನಿಮಿಷ ಆಗಿತ್ತು ಅಷ್ಟೇ. ಮುಂದಿನ ಖಾತೆಯಲ್ಲಿ 11 ಸಾವಿರ ತಡೆಹಿಡಿದರು. ಅದು ವಾಪಸ್ ಬರಲು ಕೋರ್ಟ್ ಆದೇಶ, ಓಡಾಟ ಎಲ್ಲ ಆಯಿತು, ಆದರೆ ಬಂತು. ಮರುದಿನ ಫೋನ್ ಮಾಡಿದ್ದರೆ ಏನೂ ಸಿಗುತ್ತಿರಲಿಲ್ಲ ಅಂತ ಠಾಣೆಯಲ್ಲಿ ಹೇಳಿದರು. ಕಳ್ಳರು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾಕುತ್ತಲೇ ಇರುತ್ತಾರಂತೆ.

ವಯಸ್ಸಾದವರಿಗೆ ಇದನ್ನು ಖಂಡಿತ ಹೇಳಿಕೊಡಿ ಮೇಡಂ. ವಿಡಿಯೋ ಕಾಲಿನಲ್ಲಿ ಪೊಲೀಸ್ ವೇಷ ಹಾಕಿ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುತ್ತಾರೆ. ಹಾಗೊಂದು ಅರೆಸ್ಟ್ ಕಾನೂನಿನಲ್ಲೇ ಇಲ್ಲ. ನಿಜವಾದ ಠಾಣೆ ಹೇಗಿರುತ್ತದೆ ಅಂತ ಒಮ್ಮೆ ನೋಡಿದ ಅಜ್ಜ ಆ ವೇಷಕ್ಕೆ ಅಷ್ಟು ಸುಲಭವಾಗಿ ಹೆದರಲ್ಲ ಅಂತ ನನ್ನ ನಂಬಿಕೆ.

ಆಜಾದ್ ನಗರ ಟೈಲರ್

ನಾನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮ ಏರಿಯಾಕ್ಕೆ ಪೊಲೀಸರು ಬರುವುದು ಹಬ್ಬದ ವಾರ. ವ್ಯಾನು ನಿಲ್ಲುತ್ತದೆ, ಬ್ಯಾರಿಕೇಡ್ ಬರುತ್ತದೆ, ಶಾಂತಿ ಸಭೆ ಆಗುತ್ತದೆ. ಹಬ್ಬ ಮುಗಿದರೆ ವ್ಯಾನೂ ಇಲ್ಲ, ಸಭೆಯೂ ಇಲ್ಲ. ನಮ್ಮ ಮಕ್ಕಳು ಖಾಕಿ ನೋಡುವುದೇ ಗಲಾಟೆಯ ದಿನ. ಅವರ ಮನಸ್ಸಿನಲ್ಲಿ ಏನು ಕೂರುತ್ತದೆ ಹೇಳಿ.

ಆದರೆ ಒಬ್ಬರ ವಿಷಯ ಹೇಳಲೇಬೇಕು. ನಮ್ಮ ಬೀಟಿಗೆ ಒಬ್ಬ ಕಾನ್‌ಸ್ಟೆಬಲ್ ಇದ್ದರು. ವಾರಕ್ಕೊಂದು ಸಲ ಬರುತ್ತಿದ್ದರು. ಮೊದಲ ಸಲ ಬಂದಾಗ ಅಂಗಡಿ ಲೈಸೆನ್ಸ್ ತೆಗೆದು ಇಟ್ಟೆ. ‘ಅದೆಲ್ಲ ಬೇಡ ಭಾಯ್, ಪ್ಯಾಂಟ್ ಸೊಂಟ ಸ್ವಲ್ಪ ಬಿಗಿ ಮಾಡಬೇಕು’ ಅಂದರು. ದುಡ್ಡು ಕೊಟ್ಟೇ ಹೋದರು. ಆಮೇಲೆ ಬಂದಾಗೆಲ್ಲ ಹೊಲಿಗೆ ಮೆಷಿನ್ ಪಕ್ಕದ ಸ್ಟೂಲಿನಲ್ಲಿ ಐದು ನಿಮಿಷ ಕೂರುತ್ತಿದ್ದರು. ಬೀದಿಯಲ್ಲಿ ಯಾರು ಹೊಸಬರು, ಯಾವ ಹುಡುಗ ಶಾಲೆ ಬಿಟ್ಟ ಅಂತ ವಿಚಾರಿಸುತ್ತಿದ್ದರು. ಒಂದು ರಾತ್ರಿ ಮೊಬೈಲ್‌ನಲ್ಲಿ ಸುಳ್ಳು ಸುದ್ದಿ ಹರಡಿ ಹುಡುಗರು ರಸ್ತೆಗೆ ಬಂದುಬಿಟ್ಟರು. ನಾನು 112ಕ್ಕೆ ಮಾಡುವ ಮೊದಲು ಅವರಿಗೆ ಮಾಡಿದೆ. ಬೈಕಿನಲ್ಲಿ ಒಬ್ಬರೇ ಬಂದರು. ಹುಡುಗರನ್ನು ಹೆಸರು ಹಿಡಿದು ಕರೆದರು. ‘ನಿಮ್ಮಪ್ಪ ಎಲ್ಲಿ? ಮನೆಗೆ ನಡಿ’ ಅಂದರು. ಅರ್ಧ ಗಂಟೆಯಲ್ಲಿ ರಸ್ತೆ ಖಾಲಿ ಆಯಿತು. ಲಾಠಿ ಕೂಡ ತಂದಿರಲಿಲ್ಲ.

ಆರು ತಿಂಗಳಿಗೆ ಅವರಿಗೆ ವರ್ಗ ಆಯಿತು. ಅವರ ಜಾಗಕ್ಕೆ ಬಂದವರ ಮುಖ ನಾನು ಇನ್ನೂ ನೋಡಿಲ್ಲ. ಠಾಣೆ ನೋಡಲು ಕರೆದರೆ ಬರುತ್ತೇನೆ, ಮಕ್ಕಳನ್ನೂ ಕರೆದುಕೊಂಡು ಬರುತ್ತೇನೆ. ಆದರೆ ಹೀಗೆ ಕೂರುವ ಒಬ್ಬರನ್ನು ಎರಡು ವರ್ಷವಾದರೂ ಅಲ್ಲೇ ಇರಲು ಬಿಡಿ ಅಂತ ಯಾರಾದರೂ ಮೇಲಿನವರಿಗೆ ಹೇಳಿ.

ಕೋರ್ಟ್ ರಸ್ತೆ ವಕೀಲ

ಟೈಲರ್ ಸಾಹೇಬರೇ, ಈ ಚರ್ಚೆಯಲ್ಲಿ ನೀವು ಬರೆದದ್ದೇ ಮುಖ್ಯ ಮಾತು. ಕಾಗದದ ಮೇಲೆ ನೋಡಿದರೆ ನಮ್ಮ ರಾಜ್ಯದಲ್ಲಿ ಯೋಜನೆಗೆ ಕೊರತೆ ಇಲ್ಲ. 2017ರಲ್ಲಿ ಹೊಸ ಬೀಟ್ ಪದ್ಧತಿ ಬಂತು. ಠಾಣೆಯ ಪ್ರತಿ ಸಿಬ್ಬಂದಿಗೂ ಒಂದು ಪ್ರದೇಶ, ಆ ಪ್ರದೇಶದ ಜನರದ್ದೇ ಒಂದು ಸಮಿತಿ. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು. 40–50 ಮನೆ ಒಂದು ಗುಂಪು, ಪೊಲೀಸರೇ ಬಾಗಿಲಿಗೆ ಬಂದು ಕಷ್ಟ ಸುಖ ಕೇಳಬೇಕು. ಎಲ್ಲ ಸರಿ. ಆದರೆ ಬಾಗಿಲಿಗೆ ಬರುವ ಮುಖ ಪ್ರತಿ ಸಲ ಬೇರೆ ಆದರೆ ಜನ ಬಾಯಿ ಬಿಡಲ್ಲ.

ಹೊರಗಿನ ಕಥೆ ಸ್ವಲ್ಪ ಹೇಳುತ್ತೇನೆ. ಜನರಿಗೆ ಪೊಲೀಸ್ ಕೆಲಸ ಕಲಿಸುವ ಸಂಜೆ ತರಗತಿಗಳು ಶುರುವಾದದ್ದು ಇಂಗ್ಲೆಂಡಿನ ಡೆವನ್ ಮತ್ತು ಕಾರ್ನ್‌ವಾಲ್‌ನಲ್ಲಿ, 1977ರಲ್ಲಿ. ಅಮೆರಿಕದ ಒರ್ಲಾಂಡೊ ನಗರ 1985ರಲ್ಲಿ ಅದನ್ನು ತೆಗೆದುಕೊಂಡಿತು. ಆಮೇಲೆ ಆ ದೇಶದ ಎಷ್ಟೋ ಊರುಗಳಲ್ಲಿ ‘ನಾಗರಿಕ ಪೊಲೀಸ್ ಅಕಾಡೆಮಿ’ ಅಂತ ನಡೆಯುತ್ತಿವೆ. ಸಾಮಾನ್ಯವಾಗಿ ವಾರಕ್ಕೊಂದು ಸಂಜೆಯಂತೆ ಹತ್ತು ಹನ್ನೆರಡು ವಾರ. ನಮ್ಮ ಪಕ್ಕದಲ್ಲೇ ತಮಿಳುನಾಡಿನ ರಾಮನಾಥಪುರದಲ್ಲಿ 1993ರಲ್ಲಿ ಪೊಲೀಸರಿಗೆ ನೆರವಾಗುವ ಸ್ವಯಂಸೇವಕರ ‘ಫ್ರೆಂಡ್ಸ್ ಆಫ್ ಪೊಲೀಸ್’ ಹುಟ್ಟಿತು. ಕೇರಳದ ‘ಜನಮೈತ್ರಿ’ 2008ರಲ್ಲಿ 20 ಠಾಣೆಗಳಲ್ಲಿ ಶುರುವಾಯಿತು. ಅದರಲ್ಲಿ ಬೀಟ್ ಅಧಿಕಾರಿಗೆ ತನ್ನ ಪ್ರದೇಶದ ಪ್ರತಿ ಮನೆಯ ಪರಿಚಯ ಇರಬೇಕು ಅನ್ನುವುದೇ ಮೂಲ. ಶಾಲಾ ಮಕ್ಕಳ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಕೂಡ 2010ರಲ್ಲಿ ಕೇರಳದಲ್ಲೇ ಹುಟ್ಟಿದ್ದು, 2018ರಲ್ಲಿ ದೇಶಕ್ಕೆಲ್ಲ ಬಂತು. ಟೀಚರಮ್ಮ, ನಿಮ್ಮ ಎಂಟು, ಒಂಬತ್ತನೇ ಕ್ಲಾಸಿಗೆ ಅದೇ ಸರಿ, ಶಾಲೆಯಲ್ಲಿ ಇಲ್ಲದಿದ್ದರೆ ಕೇಳಿ.

ಇನ್ನು ಎಚ್ಚರಿಕೆಯ ಮಾತು. ತಮಿಳುನಾಡಿನಲ್ಲಿ ಫ್ರೆಂಡ್ಸ್ ಆಫ್ ಪೊಲೀಸ್ ಹೆಸರಿನವರ ಮೇಲೇ ಆರೋಪ ಬಂದು, 2020ರಲ್ಲಿ ಸಾತಾನ್‌ಕುಳಂನಲ್ಲಿ ಪೊಲೀಸರು ಹಿಡಿದೊಯ್ದ ತಂದೆ, ಮಗ ತೀರಿಕೊಂಡ ಘಟನೆ ಆದ ಮೇಲೆ ಸರ್ಕಾರ ಅದನ್ನು ನಿಲ್ಲಿಸಿತು. ಠಾಣೆಗೆ ಹತ್ತಿರ ಆದವರೆಲ್ಲ ಜನರಿಗೆ ಹತ್ತಿರ ಆಗಿರಲ್ಲ. ನಮ್ಮಲ್ಲೂ ಸಮಿತಿಗೆ ಸೇರಿ ವಿಸಿಟಿಂಗ್ ಕಾರ್ಡ್ ಹೊಡೆಸುವವರು ಇದ್ದಾರೆ. ಸೈಟಿನ ಜಗಳಕ್ಕೆ ಠಾಣೆಯ ಒಳಗೇ ರಾಜಿ ಪಂಚಾಯ್ತಿ ಮಾಡಿಸುವವರು ಇದ್ದಾರೆ. ಅವರನ್ನು ದೂರ ಇಡಿ. ಸಮಿತಿಯಲ್ಲಿ ಅರ್ಧ ಹೆಂಗಸರು ಇರಲಿ, ವರ್ಷಕ್ಕೊಮ್ಮೆ ಬದಲಾಗಲಿ.

ಇನ್ನೊಂದು ಮಾತು. ಚನ್ನಗಿರಿಯಲ್ಲಿ 2024ರ ಮೇ ತಿಂಗಳಲ್ಲಿ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ಠಾಣೆಗೆ ಕರೆದೊಯ್ದ ವ್ಯಕ್ತಿ ತೀರಿಕೊಂಡರು, ರಾತ್ರಿ ಜನ ಠಾಣೆಗೇ ನುಗ್ಗಿದರು, ಪೊಲೀಸರಿಗೂ ಗಾಯ ಆಯಿತು. ಆ ಊರಿನ ಎರಡೂ ಕಡೆಯವರ ನೋವು ಇನ್ನೂ ಹಸಿಯಾಗಿದೆ. ಹಾಗಾಗಿ ಠಾಣೆ ನೋಡಲು ಹೋದಾಗ ಬಂಧನದ ನಿಯಮಗಳನ್ನೂ ಕೇಳಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಮನೆಯವರಿಗೆ ತಿಳಿಸಬೇಕು. ಹೆಂಗಸರನ್ನು, 15ಕ್ಕಿಂತ ಚಿಕ್ಕ ಹುಡುಗರನ್ನು, 60 ದಾಟಿದವರನ್ನು ಸಾಕ್ಷಿ ವಿಚಾರಣೆಗೆ ಅಂತ ಠಾಣೆಗೆ ಕರೆಸುವ ಹಾಗಿಲ್ಲ, ಪೊಲೀಸರೇ ಮನೆಗೆ ಹೋಗಬೇಕು. ಠಾಣೆಯಲ್ಲಿ ಕ್ಯಾಮೆರಾ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದೆ. ‘ಕ್ಯಾಮೆರಾ ಎಲ್ಲೆಲ್ಲಿ ಇದೆ ಸರ್?’ ಅಂತ ನೋಡಲು ಹೋದವರು ಕೇಳಿದರೆ ಒಳ್ಳೆ ಅಧಿಕಾರಿ ಬೇಸರ ಮಾಡಿಕೊಳ್ಳಲ್ಲ.

ದುರ್ಗದ ಓದುಗಿ

ಎಎಸ್‌ಐ ಅವರೇ, ನಿಮ್ಮ ಕ್ಷಮೆಯ ಸಾಲನ್ನು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅವರಿಗ್ಯಾಕೆ ಬೇಕಿತ್ತು ಪಾಪ’ ಅಂದಳು. ಆಮೇಲೆ ‘ಆ ಟವೆಲಿಂದು ಇನ್ನೊಂದು ಸಲ ಓದು’ ಅಂದಳು.

ಒಂದು ಕೇಳಬೇಕಿತ್ತು. ಎರಡು ವರ್ಷ ಆದರೂ ಈಗ ಎಫ್‌ಐಆರ್ ಮಾಡಿಸಬಹುದಾ?

ನಿವೃತ್ತ ಎಎಸ್‌ಐ, ಹೊಳಲ್ಕೆರೆ

ಆಗುತ್ತದೆ ತಂಗಿ. ಸರ ಕಿತ್ತುಕೊಂಡು ಗಾಯ ಮಾಡಿದ್ದು ಸಣ್ಣ ಕೇಸಲ್ಲ. ತಡ ಯಾಕಾಯಿತು ಅಂತ ದೂರಿನಲ್ಲೇ ಇದ್ದ ಹಾಗೆ ಬರೆಯಿರಿ. ಆ ಬಿಳಿ ಹಾಳೆಯ ಪ್ರತಿ ಇದ್ದರೆ ಜೊತೆಗೆ ಇಡಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಎಸ್‌ಪಿ ಅವರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ಸರದ ರಸೀದಿ ಅಥವಾ ಅಮ್ಮ ಅದನ್ನು ಹಾಕಿಕೊಂಡಿರುವ ಮದುವೆ ಫೋಟೋ ಹುಡುಕಿಡಿ. ಎಲ್ಲೋ ಹಿಡಿದ ಕಳ್ಳನ ಹತ್ತಿರ ಸರ ಸಿಕ್ಕರೂ ಕೇಸ್ ನಂಬರ್ ಇಲ್ಲದಿದ್ದರೆ ಅದು ಯಾರದ್ದು ಅಂತ ಗೊತ್ತಾಗಲ್ಲ. ನಾನು ಸೋಮವಾರ ದುರ್ಗಕ್ಕೆ ಬರುವವನಿದ್ದೇನೆ. ಅಮ್ಮ ಒಪ್ಪಿದರೆ ಜೊತೆಗೆ ಬರುತ್ತೇನೆ, ಅದೇ ಬೆಂಚಿನಲ್ಲಿ ಕೂರೋಣ.

ಬಿ ಬ್ಲಾಕ್ ಟೀಚರ್

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ಠಾಣೆಗೆ ಹೋಗಿ ಕೇಳಿದೆ. ಈ ಸಲ ಚಪ್ಪಲಿ ಹಾಕಿಕೊಂಡೇ ಧೈರ್ಯವಾಗಿ ಹೋದೆ. ದೊಡ್ಡವರ ಗುಂಪಿಗೆ ಒಪ್ಪಿದ್ದಾರೆ. ಮೊದಲು 20 ಜನ. ಹಾರ, ಭಾಷಣ ಬೇಡ ಅಂತ ನಾನೇ ಹೇಳಿದೆ. ಒಂದು ದೂರು ಬಂದರೆ ಬಾಗಿಲಿನಿಂದ ಕೋರ್ಟಿನ ತನಕ ಹೇಗೆ ಹೋಗುತ್ತದೆ ಅಂತ ಬರಹಗಾರರು ಮಾದರಿ ಮಾಡಿ ತೋರಿಸುತ್ತಾರೆ. ನಮ್ಮ ಬೀಟಿನ ಕಾನ್‌ಸ್ಟೆಬಲ್ ಯಾರು ಅಂತ ಕೇಳಿದೆ, ಕರೆದು ಪರಿಚಯ ಮಾಡಿಸಿದರು. ಹತ್ತು ತಿಂಗಳಿಂದ ನಮ್ಮ ರಸ್ತೆಯಲ್ಲೇ ರಾತ್ರಿ ಗಸ್ತು ತಿರುಗುತ್ತಿದ್ದಾರಂತೆ. ಒಂದು ದಿನವೂ ನಾನು ಬಾಗಿಲು ತೆರೆದು ನೋಡಿಲ್ಲ. ಬೀಟಿನವರನ್ನು ಬೇಗ ಬದಲಾಯಿಸಬೇಡಿ ಅಂತ ಒಂದು ಮನವಿ ಬರೆದಿದ್ದೇನೆ. ಟೈಲರ್ ಸಾಹೇಬರೇ, ಮೊದಲ ಸಹಿ ನಿಮ್ಮದು.

ಸಮಯದ ವಿಷಯ. ಭಾನುವಾರ ಬೆಳಿಗ್ಗೆ 11 ಅಂತ ಮೊದಲು ಅಂದುಕೊಂಡಿದ್ದೆ. ಆದರೆ ಬರಿಗಾಲಲ್ಲಿ ಒಳಗೆ ಬಂದಿದ್ದ ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಇವತ್ತು ಸ್ಟಾಫ್ ರೂಮಿಗೆ ಬಂದು, ‘ಮಿಸ್, ನಮ್ಮಮ್ಮನೂ ಬರಬಹುದಾ?’ ಅಂತ ಕೇಳಿದಳು. ಅವರ ಅಮ್ಮ ಮಂಡಕ್ಕಿ ಭಟ್ಟಿಗೆ ನಸುಕಿನಲ್ಲೇ ಹೋಗುತ್ತಾರೆ. ಕೆಲಸ ಬಿಡುವುದು ಮಧ್ಯಾಹ್ನ ಮೂರಕ್ಕೆ. ಹಾಗಾಗಿ ಸಂಜೆ 4 ಗಂಟೆಗೆ ಇಟ್ಟಿದ್ದೇವೆ.